ಹಬ್ಬದ ಎಲೆಗೆ ಹೊಸದೊಂದನ್ನು ಬಡಿಸಿದವಳು

ನನ್ನ ವಾರಗಿತ್ತಿಗೆ ಮೂಗಿನ ಎರಡೂ ಕಡೆ ಮೂಗುತಿ. ಬಲಕ್ಕೊಂದು, ಎಡಕ್ಕೊಂದು, ಎರಡೂ ಕೆಂಪು ಹರಳಿನವು. ಒಲೆಯ ಮೇಲೆ ಏನಾದರೂ ಕುದಿಯುತ್ತಿದ್ದರೆ ಅವಳು ಹತ್ತಿರ ಹೋಗಿ ನಿಂತು ಕಣ್ಣು ಅರ್ಧ ಮುಚ್ಚುತ್ತಿದ್ದಳು. ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು, ಆ ಎರಡು ಹರಳುಗಳು ಒಂದು ಸಲ ಮಿನುಗಿ ಸುಮ್ಮನಾಗುತ್ತಿದ್ದವು. ಆಮೇಲೆ ಕಣ್ಣು ತೆರೆದು, "ಉಪ್ಪು ಕೊಂಚ ಕಮ್ಮಿ" ಅನ್ನುತ್ತಿದ್ದಳು. ನಾಲಿಗೆಗೆ ಒಂದು ಹನಿಯನ್ನೂ ತಾಗಿಸದೆ. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಾನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ಉಣ್ಣುವಾಗ ನೋಡಿದರೆ ಉಪ್ಪು ಕಮ್ಮಿಯೇ ಇರುತ್ತಿತ್ತು.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಆ ಮೂಗಿನಿಂದಲೇ.

ನಮ್ಮ ಮನೆ ಇರುವುದು ಸೂಲಿಬೆಲೆಯಿಂದ ಸ್ವಲ್ಪ ಒಳಗೆ. ಟೊಮೆಟೊ, ಹುರುಳಿಕಾಯಿ ಬೆಳೆಯುತ್ತೇವೆ, ಸೀಮೆಹಸು ಕಟ್ಟಿದ್ದೇವೆ, ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತೇವೆ. ಯಜಮಾನರು ಹೊಲ ನೋಡಿಕೊಳ್ಳುತ್ತಾರೆ. ಮೈದುನ ಹೊಸಕೋಟೆಯ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಾನೆ. ಅಡುಗೆಮನೆ ಮಾತ್ರ ನಮ್ಮತ್ತೆಯದು. ಮಿಕ್ಕ ದಿನ ಏನು ಬೇಯಿಸಿದರೂ ಅವರು ಕೇಳುವುದಿಲ್ಲ. ಯುಗಾದಿ ಬಂತೆಂದರೆ ಅವರ ಕಾನೂನೇ ಬೇರೆ. ಎಲೆಯ ತುದಿಯಲ್ಲಿ ಉಪ್ಪು, ಆಮೇಲೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಒಬ್ಬಟ್ಟು, ಅನ್ನಕ್ಕೆ ಒಬ್ಬಟ್ಟಿನ ಸಾರು. ಅವರ ಅತ್ತೆ ಹೇಗೆ ಮಾಡುತ್ತಿದ್ದರೋ ಹಾಗೆ. ಒಂದು ಎಸಳು ಕೊತ್ತಂಬರಿ ಸೊಪ್ಪು ಕೂಡ ಜಾಗ ಬದಲಿಸುವಂತಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದ ಮೊದಲ ಯುಗಾದಿಗೆ ನನಗೆ ಸಿಕ್ಕಿದ್ದು ಬೇಳೆ ಆರಿಸುವ ಕೆಲಸ. ಅದಾದ ಮೇಲೆ ಹೂರಣ ರುಬ್ಬುವುದು, ಅದೂ ಆದ ಮೇಲೆ ಕಣಕ ನಾದುವುದು. ಒಬ್ಬಟ್ಟು ತಟ್ಟುವುದಕ್ಕೆ ಅತ್ತೆ ಎಷ್ಟೋ ವರ್ಷ ನನಗೆ ಕೈಯಿಡಲು ಕೊಡಲಿಲ್ಲ. ಪಕ್ಕದಲ್ಲಿ ಕೂತು ನೋಡಬೇಕಿತ್ತು. ಕೊನೆಗೊಂದು ಹಬ್ಬದಲ್ಲಿ ಸೊಂಟ ನೋವೆಂದು ಎದ್ದುಹೋದವರು, "ಹರಿದ್ರೆ ನೀನೇ ತಿನ್ನಬೇಕು" ಎಂದು ಹೇಳಿಹೋದರು. ಹರಿಯಲಿಲ್ಲ. ಬಾಳೆಎಲೆಯ ಮೇಲೆ ತಟ್ಟಿದ ನನ್ನ ಒಬ್ಬಟ್ಟನ್ನು ಎತ್ತಿ ಕಿಟಕಿಗೆ ಹಿಡಿದರೆ ಬೆಳಕು ಕಾಣುತ್ತಿತ್ತು. ಅವತ್ತಿನಿಂದ ಕಾವಲಿಯ ಮುಂದಿನ ಮಣೆ ನನ್ನದಾಯಿತು. ಇಂಥ ಮಣೆಗೆ ಎಷ್ಟು ಕಾದಿದ್ದೆ ಎಂದು ಕಾದವರಿಗೇ ಗೊತ್ತು.

ಒಂದೇ ಒಂದು ಸಲ ನಾನು ಸ್ವಂತ ಬುದ್ಧಿ ಓಡಿಸಿದ್ದೆ. ನನ್ನ ತವರಿನಲ್ಲಿ ಮಾಡುವಂತೆ ಹೂರಣಕ್ಕೆ ಒಂದು ಹಿಡಿ ತೆಂಗಿನಕಾಯಿ ತುರಿದು ಹಾಕಿದೆ. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು, ಎಲೆಯ ಪಕ್ಕಕ್ಕೆ ಸರಿಸಿದರು. "ನಮ್ಮನೇಲಿ ಒಬ್ಬಟ್ಟಿಗೆ ಕಾಯಿ ಹಾಕಲ್ಲ. ನಿಮ್ಮಪ್ಪನ ಮನೇಲಿ ಹಾಕ್ಕೋ" ಅಂದರು. ನಂಟರೆಲ್ಲ ಕೂತಿದ್ದರು. ನಾನು ತಲೆ ತಗ್ಗಿಸಿ ತುಪ್ಪ ಬಡಿಸಿಕೊಂಡು ಹೋದೆ. ಅಲ್ಲಿಗೆ ಆ ಪಾಠ ಮುಗಿಯಿತು ಎಂದುಕೊಂಡೆ.

ಆಮೇಲೆ ಮೈದುನನಿಗೆ ಮದುವೆಯಾಗಿ ಇವಳು ಬಂದಳು.

ಅವಳದು ದೇವನಹಳ್ಳಿ ಆಚೆಯ ಊರು. ಮನೆಮಾತು ತೆಲುಗು. ಕನ್ನಡವನ್ನು ಸರಾಗವಾಗಿಯೇ ಆಡುತ್ತಿದ್ದಳು, ಆದರೆ ಕುಕ್ಕರಿನ ಕೂಗು ಎಣಿಸುವುದು, ಕಾಯಿ ಎಣಿಸುವುದು ಎಲ್ಲ ತೆಲುಗಿನಲ್ಲೇ, ಬಾಯೊಳಗೇ. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು. ಬಂದ ಹೊಸದರಲ್ಲಿ ನನಗೆ ಅವಳ ಮೇಲೆ ಏನೂ ಇರಲಿಲ್ಲ. ಬೇಳೆ ಆರಿಸಲು ಇನ್ನೊಬ್ಬಳು ಸಿಕ್ಕಳಲ್ಲ ಎಂಬ ಸಮಾಧಾನವೇ ಇತ್ತು.

ಅವಳ ಮೊದಲ ಯುಗಾದಿಯಂದು ನಾನು ಕಾವಲಿಯ ಮುಂದೆ ಕೂತಿದ್ದೆ. ಸಾರಿಗೆ ಹುಣಸೆಹಣ್ಣು ಕಿವುಚಿಡು ಎಂದು ಅವಳಿಗೆ ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಎರಡು ಮಾವಿನಕಾಯಿಯನ್ನು ಇಡಿಯಾಗಿ ಒಲೆಯ ಉರಿಗೆ ಹಿಡಿದು ಸುಡುತ್ತಿದ್ದಳು. ಸಿಪ್ಪೆ ಕರಿಯಾಗಿ ಸಿಡಿದಿತ್ತು. ಅದನ್ನು ಸುಲಿದು, ಒಳಗಿನ ತಿರುಳನ್ನು ಹಿಸುಕಿ, ಹುಣಸೆಹುಳಿಯ ಬದಲಿಗೆ ಬೇಳೆಕಟ್ಟಿಗೆ ಬೆರೆಸಿಬಿಟ್ಟಳು. ಅತ್ತೆ ಹೇಳುತ್ತಾರಲ್ಲ ಎಂದು ಕಾದೆ.

ಅತ್ತೆ ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಉಂಡರು. ನಿಧಾನವಾಗಿ ಇನ್ನೊಂದು ತುತ್ತು. ತಲೆ ಎತ್ತಿ ಅವಳ ಕಡೆ ನೋಡಿದರು. ಈಗ ಬಂತು ಎಂದು ನಾನು ತುಪ್ಪದ ಬಟ್ಟಲು ಹಿಡಿದು ನಿಂತೇ ಇದ್ದೆ. "ಇನ್ನೊಂದು ಸೌಟು ಹಾಕು" ಅಂದರು ಅತ್ತೆ.

ನಾನು ತುಪ್ಪದ ಬಟ್ಟಲನ್ನು ನೆಲಕ್ಕಿಟ್ಟೆ. ಅಷ್ಟು ವರ್ಷದಲ್ಲಿ ಅವರು ನನ್ನ ಕೈಯಿಂದ ಎರಡನೇ ಸೌಟು ಕೇಳಿ ಹಾಕಿಸಿಕೊಂಡಿದ್ದು ನನಗೆ ನೆನಪಿಲ್ಲ.

ಅಲ್ಲಿಂದ ಪ್ರತಿ ಯುಗಾದಿಗೂ ಅವಳು ಏನಾದರೊಂದು ಹೊಸದನ್ನು ಎಲೆಗೆ ತಂದಳು. ಒಂದು ವರ್ಷ ಅವಳಪ್ಪ ಹಬ್ಬಕ್ಕೆಂದೇ ಮರದಲ್ಲಿ ಉಳಿಸಿದ್ದ ಚಕ್ಕೋತ ಹಣ್ಣನ್ನು ಕಳಿಸಿದರು. ಅದರ ತೊಳೆ ಬಿಡಿಸಿ, ಎಳೆಎಳೆಯಾಗಿ ಉದುರಿಸಿ, ಹೆಸರುಬೇಳೆ ಕೋಸಂಬರಿಗೆ ಬೆರೆಸಿದಳು. ಬಿಳಿ ತೆಂಗಿನತುರಿಯ ನಡುವೆ ಗುಲಾಬಿ ಬಣ್ಣದ ಎಳೆಗಳು. ಬಾಯಿಗಿಟ್ಟರೆ ಹುಳಿ ಮಿಶ್ರಿತ ಸಿಹಿ ಪಟಪಟ ಒಡೆಯುತ್ತಿತ್ತು. ಇನ್ನೊಂದು ವರ್ಷ ಆಂಬೊಡೆಗೆ ನುಗ್ಗೆಸೊಪ್ಪು. ಮತ್ತೊಂದು ವರ್ಷ ನವಣೆಯನ್ನು ತುಪ್ಪದಲ್ಲಿ ಹುರಿದು ಪಾಯಸ. ಹಳೆಯದನ್ನು ಅವಳು ಯಾವುದನ್ನೂ ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ಒಂದನ್ನು ಸೇರಿಸುತ್ತಿದ್ದಳು, ಇಲ್ಲವೇ ಇದ್ದುದರೊಳಗೇ ಒಂದು ಸಣ್ಣ ತಿರುವು ಕೊಡುತ್ತಿದ್ದಳು. ಯಾಕಮ್ಮ ಇದೆಲ್ಲ ಎಂದು ಯಾರಾದರೂ ಕೇಳಿದರೆ, "ಹೋದ ವರ್ಸದ ಹಸಿವು ಬೇರೆ, ಈ ವರ್ಸದ್ದು ಬೇರೆ" ಎಂದು ನಗುತ್ತಿದ್ದಳು. ಅದು ಅವಳಮ್ಮನ ಮಾತಂತೆ.

ನಮ್ಮತ್ತೆಗೆ ಒಂದು ನೇಮವಿತ್ತು. ದೇವರಿಗೆ ಎಡೆ ಇಡುವ ಮುಂಚೆ ರುಚಿ ನೋಡುವುದಿರಲಿ, ಪಾತ್ರೆಯ ಮೇಲೆ ಬಗ್ಗಿ ಮೂಸುವುದೂ ಎಂಜಲಿಗೆ ಸಮ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದಕ್ಕಾಗಿ ಬೈಸಿಕೊಂಡಿದ್ದೆ. ಇವಳು ಒಲೆಯ ಮುಂದೆ ನಿಂತು ಹೊಳ್ಳೆ ಅರಳಿಸುತ್ತಿದ್ದುದನ್ನು ಅತ್ತೆ ಒಂದು ದಿನ ಕಂಡು ಕೇಳಿಯೇಬಿಟ್ಟರು. "ನಾನು ಮೂಸಲ್ಲ ಅತ್ತೆ, ಅದೇ ಬರ್ತೈತೆ" ಅಂದಳು. ಅತ್ತೆಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನಂಟರು ಯುಗಾದಿಗೆ ಮುಂಚೆ ಫೋನು ಮಾಡಿದರೆ, ಈ ಸಲ ಚಿಕ್ಕೋಳು ಏನು ಮಾಡ್ತಾಳೆ ಎಂದು ಕೇಳುತ್ತಿದ್ದರು. ಒಬ್ಬಟ್ಟು ಯಾರು ಮಾಡುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಬ್ಬಟ್ಟು ಇದ್ದೇ ಇರುತ್ತದಲ್ಲ. ನಮ್ಮ ಯಜಮಾನರು ಉಂಡು ಎದ್ದಮೇಲೆ ಇಂತಿಂಥದ್ದು ಚೆನ್ನಾಗಿತ್ತು ಎಂದು ಹೇಳಿದವರೇ ಅಲ್ಲ. ಅವರೂ ಆ ಚಕ್ಕೋತದ ಕೋಸಂಬರಿಯನ್ನು ಮಾರನೆಯ ದಿನ, ಹೊಸತೊಡಕಿನ ಬಾಡೂಟದ ಮುಂದೆ ಕೂತು ನೆನೆಸಿಕೊಂಡರು. ಅವತ್ತಿನ ಮಟನ್ ಸಾರು ನಾನು ಮಾಡಿದ್ದು. ತಟ್ಟೆಯಲ್ಲಿ ನನ್ನ ಸಾರು, ಬಾಯಲ್ಲಿ ಅವಳ ಕೋಸಂಬರಿ.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅವಳ ಹಿಂದೆ ಅಡುಗೆಮನೆ ಸೇರುತ್ತಿದ್ದಳು. ಒಂದು ಸಂಜೆ ನಾನು ಹಾಲು ಕರೆದು ಒಳಗೆ ಬಂದೆ. ಒಲೆಯ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ನನ್ನ ಮಗಳು ಅದರ ಮುಂದೆ ನಿಂತು ಕಣ್ಣು ಅರ್ಧ ಮುಚ್ಚಿ ಹೊಳ್ಳೆ ಅರಳಿಸುತ್ತಿದ್ದಳು. ಥೇಟು ಅವಳ ಹಾಗೆಯೇ, ಕತ್ತನ್ನು ಸ್ವಲ್ಪ ಎಡಕ್ಕೆ ವಾಲಿಸಿ. ನಾನು ಹಾಲಿನ ಕ್ಯಾನು ಕೆಳಗಿಟ್ಟೆ. ಒಳಗೆ ಹೋಗಲಿಲ್ಲ. ಕೊಟ್ಟಿಗೆಗೆ ಹಿಂತಿರುಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೆ ಗುಡಿಸಿದೆ.

ಆ ವರ್ಷದ ಯುಗಾದಿಗೆ ನಾನೂ ಏನಾದರೂ ಹೊಸದು ಮಾಡಿಯೇ ತೀರುವುದೆಂದು ಹಟ ಹಿಡಿದೆ. ಫೋನಿನಲ್ಲಿ ಯಾರೋ ಸಿಹಿಗುಂಬಳದ ಒಬ್ಬಟ್ಟು ಮಾಡಿ ತೋರಿಸಿದ್ದರು. ಬಂಗಾರದ ಬಣ್ಣ, ನೋಡಿದರೆ ಆಸೆಯಾಗುವಂತಿತ್ತು. ಅತ್ತೆಯ ತವರಿನವರು ಊಟಕ್ಕೆ ಬರುವವರಿದ್ದರು. ಅವರೆಲ್ಲರ ಎದುರಿಗೇ ಗೆಲ್ಲಬೇಕೆಂದು ನನ್ನ ಲೆಕ್ಕ. ದೇವರ ಎಡೆಗಾಗುವಷ್ಟು ಬೇಳೆಯ ಹೂರಣವನ್ನು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆಲ್ಲ ಬೇಯಿಸಿದ ಕುಂಬಳದ ತಿರುಳು ಕಲಸಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಕುಂಬಳದಲ್ಲಿ ನೀರು ಎಷ್ಟಿರುತ್ತದೆಂದು ನನಗೆ ಅಂದಾಜಿರಲಿಲ್ಲ. ಕಣಕದೊಳಗೆ ಇಟ್ಟು ತಟ್ಟಿದೆ, ಬೆರಳಿನ ಕೆಳಗೇ ಹರಿಯಿತು. ಇನ್ನೊಂದು ತಟ್ಟಿದೆ, ಕಾವಲಿಗೆ ಹಾಕುವಷ್ಟರಲ್ಲಿ ಹೂರಣ ಹೊರಗೆ ಬಂದು ಸೀದುಹೋಯಿತು. ಮೂರನೆಯದು ಎಲೆಯಿಂದ ಏಳಲೇ ಇಲ್ಲ. ಹೊರಗೆ ಕಾರು ಬಂದು ನಿಂತ ಸದ್ದು, ಅತ್ತೆ ತಮ್ಮಂದಿರನ್ನು ಮಾತಾಡಿಸುವ ಸದ್ದು. ಕಾವಲಿಯ ಹೊಗೆಗೋ ಏನೋ ನನ್ನ ಕಣ್ಣು ತುಂಬಿಕೊಂಡಿತು. ಒಬ್ಬಟ್ಟು ಒಂದೇ ನನ್ನದಾಗಿತ್ತು. ಅದನ್ನೇ ನನ್ನ ಕೈಯಾರೆ ಹಾಳು ಮಾಡಿಕೊಂಡಿದ್ದೆ, ಅದೂ ಅವಳ ಮೇಲಿನ ಜಿದ್ದಿಗೆ.

ಅವಳು ಒಳಗೆ ಬಂದಳು. ಕಾವಲಿ ನೋಡಿದಳು, ಹೂರಣದ ಪಾತ್ರೆ ನೋಡಿದಳು. ಏನಾಯ್ತು ಎಂದು ಕೇಳಲಿಲ್ಲ. ಕುಂಬಳದ ಹೂರಣವನ್ನೆಲ್ಲ ಬಾಣಲೆಗೆ ಬಳಿದು ಒಲೆಯ ಮೇಲಿಟ್ಟು ಮಗುಚತೊಡಗಿದಳು. ಹುರಿಗಡಲೆಯನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಅಂತ ನನಗೆ ಹೇಳಿದಳು. ನಾನು ಮಾಡಿಕೊಟ್ಟೆ. ಆ ಪುಡಿ ಬಿದ್ದ ಮೇಲೆ ಹೂರಣ ಬಿಗಿಯಾಗಿ ಬಾಣಲೆ ಬಿಟ್ಟಿತು. ಅದನ್ನು ನಿಂಬೆಗಾತ್ರದ ಉಂಡೆ ಕಟ್ಟಿ, ಅಕ್ಕಿ ಉದ್ದಿನ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. ಸುಕ್ಕಿನುಂಡೆಗಳು ಹೊಂಬಣ್ಣಕ್ಕೆ ತಿರುಗಿ ಮೇಲೆ ತೇಲಿ ಬಂದವು. ನಾನು ಇತ್ತ ತೆಗೆದಿಟ್ಟಿದ್ದ ಬೇಳೆ ಹೂರಣದಲ್ಲಿ ದೇವರಿಗೂ ಹಿರಿಯರ ಎಲೆಗೂ ಆಗುವಷ್ಟು ಒಬ್ಬಟ್ಟು ತಟ್ಟಿದೆ.

ಎಲೆಗೆ ಬಿದ್ದ ಉಂಡೆಯನ್ನು ಮುರಿದು ತಿಂದ ಅತ್ತೆಯ ತಮ್ಮ, ಹೊರಗೆ ಗರಿಗರಿ ಒಳಗೆ ಮೆತ್ತಗೆ, ಇದನ್ನ ಯಾರು ಮಾಡಿದ್ದು, ಚಿಕ್ಕ ಸೊಸೇನೇ ಇರಬೇಕು ಅಂದರು. ಅವಳು ಸಾರಿನ ಪಾತ್ರೆ ಹಿಡಿದು ಬರುತ್ತಿದ್ದಳು. "ಅಕ್ಕ ಮಾಡಿದ್ದು" ಅಂದಳು. ಎಲ್ಲರೂ ನನ್ನ ಕಡೆ ತಿರುಗಿ ಹೊಗಳಿದರು. ಅತ್ತೆ ಮಾತ್ರ ನನ್ನನ್ನೂ ಅವಳನ್ನೂ ಒಂದೊಂದು ಸಲ ನೋಡಿ ಎಲೆಯತ್ತ ಬಗ್ಗಿದರು.

ನನಗೆ ಸಂತೋಷವಾಗಬೇಕಿತ್ತು. ಇನ್ನೂ ಉರಿಯಿತು. ಇಷ್ಟು ದಿನ ಅಡುಗೆಯಲ್ಲಿ ಮುಂದಿದ್ದವಳು ಈಗ ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂದು.

ಎಲ್ಲರೂ ಉಂಡು ಜಗಲಿಯಲ್ಲಿ ಎಲೆಅಡಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಅವಳು ಹಿತ್ತಲಿನ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಯಾಕೆ ಹಾಗೆಂದೆ ಎಂದು ಕೇಳಿದೆ. ಹೂರಣ ನಿಮ್ಮದೇ ತಾನೇ, ನಾನು ಎಣ್ಣೆಗೆ ಬಿಟ್ಟೆ ಅಷ್ಟೆ ಅಂದಳು. ಆ ಮಾತಿಗೆ ನನ್ನ ತಾಳ್ಮೆ ಹೋಯಿತು.

"ನಿನ್ನ ಕಂಡ್ರೆ ನಂಗಾಗಲ್ಲ, ಗೊತ್ತಾ ನಿಂಗೆ?" ಅಂದೆ.

"ಗೊತ್ತು" ಅಂದಳು. ಬೂದಿ ಹಚ್ಚುತ್ತಿದ್ದ ತಪ್ಪಲೆಯಿಂದ ಕಣ್ಣೆತ್ತಲಿಲ್ಲ. "ನಂಗೂ ಅಷ್ಟೆ ಅಕ್ಕ."

ನನ್ನ ಮಗಳ ವಿಷಯ ತೆಗೆಯುತ್ತಾಳೆ ಎಂದುಕೊಂಡೆ. ನನಗಿರುವುದು, ಅವಳಿಗಿಲ್ಲದ್ದು ಅದೊಂದೇ ಎಂದು ನನ್ನ ಎಣಿಕೆಯಾಗಿತ್ತು. ಅವಳು ಹೇಳಿದ್ದು ಅದನ್ನಲ್ಲ.

"ಅತ್ತೆ ನನ್ನ ಒಂದು ದಿವ್ಸಕ್ಕೂ ಬೈದಿಲ್ಲ. ನೀವು ಹಾಲು ಉಕ್ಕಿಸಿದ್ರೆ ಊರಿಗೆಲ್ಲ ಕೇಳೋ ಹಂಗೆ ಬೈತಾರೆ. ನಾನು ಉಕ್ಕಿಸಿದ್ರೆ ಹೋಗ್ಲಿ ಬಿಡು ಅಂತಾರೆ. ನಾನೇನು ಮಾಡಿದ್ರೂ ಇನ್ನೊಂದು ಸೌಟು ಹಾಕು ಅಂತಾರೆ. ನಂಟ್ರನ್ನ ಯಾರಾದ್ರೂ ಬೈತಾರಾ ಅಕ್ಕ? ನೀವು ಈ ಮನೆಯೋರು. ನಾನು ಊಟಕ್ಕೆ ಬಂದೋಳು."

ತಪ್ಪಲೆಯನ್ನು ಮಗುಚಿಟ್ಟಳು. "ಒಬ್ಬಟ್ಟು ನಿಮ್ ಕೈಗೆ ಕೊಟ್ರಲ್ಲ, ಅದನ್ನ ನೋಡಿ ನಂಗೆ ಉರಿ. ಅದಕ್ಕೇ ಸುತ್ತ ಏನೇನೋ ಮಾಡ್ತೀನಿ. ಒಂದು ದಿನನಾದ್ರೂ ಬೈಲಿ ಅಂತ."

ಅವಳ ಮಾತು ನಿಜವೆಂದು ನನಗೆ ಕೂಡಲೇ ಗೊತ್ತಾಯಿತು, ಆದರೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ನೀರು ಸೇದಿಕೊಟ್ಟೆ. ತಪ್ಪಲೆಯನ್ನು ಇಬ್ಬರೂ ಸೇರಿ ತೊಳೆದೆವು. ಅವತ್ತಿನಿಂದ ನಾವು ಗೆಳತಿಯರಾದೆವು ಎಂದರೆ ಸುಳ್ಳಾಗುತ್ತದೆ. ಅವಳಿಗೆ ನನ್ನ ಮೇಲೆ, ನನಗೆ ಅವಳ ಮೇಲೆ ಇದ್ದದ್ದು ಇದ್ದೇ ಇತ್ತು. ಮುಚ್ಚಿಡುವ ಕಷ್ಟ ಮಾತ್ರ ತಪ್ಪಿತು. ಕೋಸಂಬರಿ ನೋಡಿ ನಾನು ಮುಖ ಸಿಂಡರಿಸಿದರೆ, ಉರಿ ಹತ್ತಿತಾ ಅಕ್ಕ ಎಂದು ಕೇಳುತ್ತಿದ್ದಳು. ಹತ್ತಿತು ಅನ್ನುತ್ತಿದ್ದೆ.

ಮುಂದಿನ ಯುಗಾದಿಗೆ ಅವಳ ಆಸೆ ತೀರಿತು. ಅತ್ತೆಯ ಪ್ರಕಾರ ಬೇವು ಬೆಲ್ಲವೆಂದರೆ ಬೇವಿನ ಚಿಗುರು, ಹೂವು, ಬೆಲ್ಲದ ಪುಡಿ, ಒಂದಿಷ್ಟು ಹುರಿಗಡಲೆ. ಇವಳು ತನ್ನ ತವರಿನ ಕಡೆಯವರ ಹಾಗೆ ಹುಣಸೆರಸಕ್ಕೆ ಬೆಲ್ಲ ಕರಗಿಸಿ, ಮಾವಿನಕಾಯಿ ಹೆಚ್ಚಿಹಾಕಿ, ಬೇವಿನ ಹೂವು, ಉಪ್ಪು, ಖಾರ ಎಲ್ಲ ಸೇರಿಸಿ ಪಚ್ಚಡಿ ಮಾಡಿ, ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಬಂದ ಅತ್ತೆಯ ಕೈಗೆ ಬಟ್ಟಲು ಕೊಟ್ಟಳು. ಅತ್ತೆ ಕುಡಿದರು. ಬಟ್ಟಲು ಕೆಳಗಿಟ್ಟರು.

"ಬೇವು ಬೆಲ್ಲಕ್ಕೂ ಕೈ ಹಾಕಿದ್ಯೇನೇ ಕತ್ತೆ? ಇದೇನು ಹಬ್ಬವಾ, ಚಾಟ್ ಅಂಗಡಿಯಾ? ನಿಂಗೆ ತಲೆ ನೆಟ್ಟಗೈತಾ?"

ಅಲ್ಲಿಗೆ ನಿಲ್ಲಲಿಲ್ಲ. ಅಷ್ಟು ವರ್ಷದ ಮಾವಿನಕಾಯಿ, ನುಗ್ಗೆಸೊಪ್ಪು, ನವಣೆ ಎಲ್ಲಕ್ಕೂ ಸೇರಿಸಿ ಬೈದರು. ಬೀದಿಗೆ ಕೇಳುವಂತೆ ಬೈದರು. ಅವಳು ಅಡುಗೆಮನೆಗೆ ಬಂದಾಗ ಕಣ್ಣಲ್ಲಿ ನೀರಿತ್ತು. ತುಟಿ ಬಿಗಿ ಹಿಡಿದಿದ್ದರೂ ನಗು ತಡೆಯಲಾಗುತ್ತಿರಲಿಲ್ಲ. "ಬೈದ್ರು ಅಕ್ಕ" ಅಂದಳು, ಯಾರೋ ಒಡವೆ ಕೊಟ್ಟ ಹಾಗೆ.

ನಂಬಿದರೆ ನಂಬಿ, ಆ ಬೈಗುಳದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕತ್ತೆ ಎಂದು ಅತ್ತೆ ಅಲ್ಲಿಯವರೆಗೆ ಕರೆಯುತ್ತಿದ್ದುದು ನನ್ನೊಬ್ಬಳನ್ನೇ.

ಕೆಲವು ವರ್ಷ ಹೀಗೇ ಕಳೆದವು. ಆಮೇಲೆ ಅವಳ ಕತ್ತಿನ ಬಳಿ ಒಂದು ಗಂಟು ಕಾಣಿಸಿಕೊಂಡಿತು. ನೋವಿಲ್ಲವೆಂದು ಅವಳು ಬಹಳ ದಿನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನುಂಗಲು ಕಷ್ಟವಾದಾಗ ಮೈದುನ ಬೆಂಗಳೂರಿಗೆ ಕರೆದುಕೊಂಡು ಹೋದ. ಏನೆಂದು ಗೊತ್ತಾಗುವಷ್ಟರಲ್ಲಿ ಅದು ಬೆಳೆದಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ವಾರಗಟ್ಟಲೆ ಓಡಾಡಿದರು. ಮೈದುನ ಕಾರ್ಖಾನೆಗೆ ರಜೆ ಹಾಕಿ, ರಜೆ ಮುಗಿದಮೇಲೆ ರಾತ್ರಿಪಾಳಿ ಬೇಡಿ ಪಡೆದು, ಹಗಲೆಲ್ಲ ಅವಳ ಜೊತೆಗಿದ್ದ. ಅತ್ತೆ ಅವಳ ಹಾಸಿಗೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ರಾಗಿ ಗಂಜಿಯನ್ನು ಚಮಚದಲ್ಲಿ ಹಿಡಿದು, ಕುಡಿಯೇ ಕತ್ತೆ, ಕುಡಿಯೇ ಎಂದು ಗದರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಂಥ ಹೊತ್ತಿನಲ್ಲೂ ಮನಸ್ಸಿನ ಒಂದು ಮೂಲೆ, ನನಗೆ ಜ್ವರ ಬಂದಾಗ ಇವರು ಹೀಗೆ ಕೂತಿದ್ದರೇ ಎಂದು ಕೇಳುತ್ತಿತ್ತು. ಮನಸ್ಸು ಅಷ್ಟು ಕೆಟ್ಟದ್ದು. ಅದಕ್ಕೆ ಸಮಯ ಸಂದರ್ಭ ತಿಳಿಯುವುದಿಲ್ಲ.

ಆ ಚಿಕಿತ್ಸೆ ಅವಳ ರುಚಿಯನ್ನೂ ವಾಸನೆಯನ್ನೂ ಒಯ್ದಿತ್ತು. ಮಾವಿನಕಾಯಿ ಸುಟ್ಟರೂ ಬಟ್ಟೆ ಸುಟ್ಟರೂ ಅವಳಿಗೆ ಒಂದೇ. ಇದು ನಮಗೆ ಗೊತ್ತಾಗಿದ್ದು ಯುಗಾದಿ ಹತ್ತಿರ ಬಂದಾಗ. ಅವಳೇ ಹೇಳಿದಳು, ತನಗೇನೂ ತಿಳಿಯುವುದಿಲ್ಲವೆಂದು. ಹಬ್ಬದ ದಿನ ಅಡುಗೆಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಮೈಯಿಳಿದು ಮೂಗುತಿಗಳೇ ದೊಡ್ಡವಾಗಿ ಕಾಣುತ್ತಿದ್ದವು. ದೇವರ ಎಡೆಗೆ ಮೊದಲೇ ತೆಗೆದಿಟ್ಟಾದ ಮೇಲೆ, ಸುಟ್ಟ ಮಾವಿನಕಾಯಿಯ ಸಾರು ನೋಡಿ ಹೇಳಿ ಅಕ್ಕ ಅಂದಳು.

ನಾನು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿದೆ. "ಸರಿ ಐತೆ" ಅಂದೆ.

"ಸರಿ ಅಂದ್ರೆ ಆಯ್ತಾ? ಹೆಂಗೈತೆ ಹೇಳಿ."

ಜನ್ಮವಿಡೀ ಸಾರು ಮಾಡಿದ್ದೇನೆ. ಅದು ಹೇಗಿದೆಯೆಂದು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಇನ್ನೊಂದು ಹನಿ ತೆಗೆದುಕೊಂಡೆ. ಮೊದಲು ಹುಳಿ ತಾಗುತ್ತದೆ ಅಂದೆ. ಎಂಥ ಹುಳಿ, ಎಳೆಯದಾ ಬಲಿತದ್ದಾ ಎಂದು ಕೇಳಿದಳು. ಮತ್ತೆ ನಾಲಿಗೆಗಿಟ್ಟುಕೊಂಡೆ. ಎಳೆಯದು, ಹಲ್ಲಿಗಿಂತ ನಾಲಿಗೆಯ ಪಕ್ಕಕ್ಕೆ ಹಿಡಿಯುತ್ತದೆ, ಅದು ಹೋಗುವ ಮುಂಚೆ ಬೆಲ್ಲ ಬರುತ್ತದೆ, ಕೊನೆಗೆ ಗಂಟಲಲ್ಲಿ ಹೊಗೆ ಉಳಿಯುತ್ತದೆ ಅಂದೆ. ಅವಳು ಕಣ್ಣು ಅರ್ಧ ಮುಚ್ಚಿದಳು. ಹೊಗೆ ಕೊಂಚ ಜಾಸ್ತಿಯಾಗಿರಬೇಕು, ಒಂದು ಸೌಟು ಬೇಳೆಕಟ್ಟು ಹಾಕಿ ಅಂದಳು. ಹಾಕಿ ನೋಡಿದೆ. ಅವಳು ಹೇಳಿದಂತೆಯೇ ಆಯಿತು.

ಅವತ್ತು ಪ್ರತಿಯೊಂದನ್ನೂ ಹಾಗೆ ಹೇಳಿಸಿದಳು. ಪಲ್ಯ, ಚಿತ್ರಾನ್ನ, ಕೊನೆಗೆ ನನ್ನ ಒಬ್ಬಟ್ಟು ಕೂಡ. ಅವಳಿಗಿಲ್ಲದ್ದು ನನಗಿದ್ದ ದಿನ ಬರಲಿ ಎಂದು ಎಷ್ಟು ಬಯಸಿದ್ದೆನೋ. ಬಂದಾಗ ಅದು ಹೀಗಿತ್ತು. "ನಿಮಗೆ ಇಷ್ಟೆಲ್ಲ ತಿಳೀತೈತೆ, ಯಾಕೆ ಹೆದರ್ಕೊಂಡಿದ್ರಿ ಇಷ್ಟು ವರ್ಸ?" ಎಂದು ಕೇಳಿದಳು. "ಅತ್ತೆಗೆ" ಅಂದೆ. "ಅಲ್ಲ, ನಂಗೆ" ಅಂದಳು. ನಾವಿಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಅವಳಿಗೆ ಕೆಮ್ಮು ಬಂದು ಬಹಳ ಹೊತ್ತು ನಿಲ್ಲಲಿಲ್ಲ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ, ಮನೆಯಲ್ಲೇ, ಅವಳು ತೀರಿಕೊಂಡಳು. ಅತ್ತೆ ಅವಳ ಕೈ ಹಿಡಿದು ಕೂತೇ ಇದ್ದರು. ನನ್ನ ಮಗಳು ಅತ್ತ ರೀತಿಯನ್ನು ನೋಡಿ ಊರಿನವರು, ಹೆತ್ತ ತಾಯಿ ಹೋದರೂ ಇಷ್ಟು ಅಳರು ಅಂದುಕೊಂಡರು. ಅದು ನನ್ನ ಕಿವಿಗೂ ಬಿತ್ತು.

ಸಾವಾದ ಮನೆಯಲ್ಲಿ ಆ ವರ್ಷ ಹಬ್ಬ ಮಾಡಲಿಲ್ಲ. ಅದರ ಮುಂದಿನ ಯುಗಾದಿಗೆ ಅಡುಗೆಮನೆಯಲ್ಲಿ ನಾನೊಬ್ಬಳೇ. ನನ್ನ ಮಗಳು ಕಾಲೇಜಿನ ಪರೀಕ್ಷೆಗೆ ಓದುತ್ತಿದ್ದಳು, ಅತ್ತೆಗೆ ಮಣೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಹಳೆಯ ಊಟವನ್ನು ಹಳೆಯ ಹಾಗೆಯೇ ಮಾಡಿ ಮುಗಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಹಿಂದಿನ ದಿನ ಪಕ್ಕದ ತೋಟದವರು ಒಂದು ಬುಟ್ಟಿ ಕಪ್ಪುದ್ರಾಕ್ಷಿ ಕೊಟ್ಟುಹೋಗಿದ್ದರು. ಹುಳಿಯೆಂದು ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ನಾನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ನಿಂತೆ. ಸಿಪ್ಪೆಯಲ್ಲಿ ಒಗರು, ಒಳಗೆ ಸಿಹಿ, ಬೀಜದ ಹತ್ತಿರ ಹುಳಿ. ಬೇಯಿಸಿ, ಬೀಜ ಸೋಸಿ, ಬೆಲ್ಲ, ಒಣಮೆಣಸಿನಕಾಯಿ, ಸ್ವಲ್ಪ ಸಾಸಿವೆ ಅರೆದು ಹಾಕಿ ಗೊಜ್ಜು ಮಾಡಿದೆ. ಕುದಿಯುವಾಗ ಅದು ನೇರಳೆ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಹೊಳೆಯಿತು. ಯಾವ ಫೋನಿನಲ್ಲೂ ನೋಡಿದ್ದಲ್ಲ, ಯಾರೂ ಹೇಳಿಕೊಟ್ಟದ್ದಲ್ಲ. ಹೀಗೊಂದನ್ನು ಮಾಡುವ ಧೈರ್ಯ ಮಾತ್ರ ನನ್ನದಲ್ಲ, ಅವಳು ಕೊಟ್ಟುಹೋದದ್ದು. ಅದನ್ನು ಇಲ್ಲಿ ಬರೆಯದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಮೈದುನ ಒಂದು ತುತ್ತು ಉಂಡು ತಲೆ ಬಗ್ಗಿಸಿಕೊಂಡ. ಇದನ್ನ ಅವಳು ಹೇಳಿಕೊಟ್ಟಿದ್ದಾ ಅತ್ತಿಗೆ ಎಂದು ಮೆಲ್ಲಗೆ ಕೇಳಿದ. ಇಲ್ಲ, ನಂದೇ ಅಂದೆ. ಹೌದು ಎಂದಿದ್ದರೆ ಅವನಿಗೆ ಹಿತವಾಗುತ್ತಿತ್ತೇನೋ. ಆದರೆ ಬಾಯಿಗೆ ಬಂದದ್ದು ಅದೇ.

ಅತ್ತೆ ಗೊಜ್ಜನ್ನು ಬೆರಳಿನಿಂದ ಮುಟ್ಟಿ ನಾಲಿಗೆಗಿಟ್ಟುಕೊಂಡರು. ಕಣ್ಣು ಮಂಜಾಗಿದ್ದರೂ ನನ್ನನ್ನು ಹುಡುಕಿ ನೋಡಿದರು.

"ಚೆನ್ನಾಗೈತೆ" ಅಂದರು. ಬೆರಳನ್ನು ಎಲೆಗೆ ಒರೆಸಿ, "ಅವಳಾಗಿದ್ದಿದ್ರೆ ಇನ್ನೂ ಚೆನ್ನಾಗಿ ಮಾಡೋಳು."

ಎದೆಯೊಳಗೆ ಚುರಕ್ಕೆಂದಿತು. ಅವಳು ಸತ್ತು ಎರಡನೆಯ ಯುಗಾದಿ ಆಗಿತ್ತು, ಉರಿ ಮಾತ್ರ ಹಾಗೆಯೇ ಇತ್ತು. ಅದು ಇನ್ನೂ ಇದೆಯೆಂದು ತಿಳಿದು ನನಗೆ ಎಂಥದೋ ನೆಮ್ಮದಿಯಾಯಿತು. ಅವಳೊಂದಿಗೆ ಅದೂ ಹೋಗಿಬಿಟ್ಟಿದ್ದರೆ ಆ ಅಡುಗೆಮನೆಯಲ್ಲಿ ನಾನು ನಿಜವಾಗಿಯೂ ಒಬ್ಬಳೇ ಆಗುತ್ತಿದ್ದೆ.

"ಹೂಂ ಅತ್ತೆ, ಮಾಡೋಳು" ಅಂದೆ. ಅನ್ನ ತರಲು ಒಳಗೆ ಹೋದೆ.